ಹಿಂದಿನ ಚಕ್ರದ ಗಾಳಿ

ನಮ್ಮ ಅತ್ತೆಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಟೈರು ನೆನಪಿರುತ್ತದೆ. ನೀವು ಒಮ್ಮೆ ಅವರ ಮನೆಗೆ ಬಂದು ಹೋದಿರಿ ಅನ್ನಿ. ಮುಂದಿನ ಸಲ ಬಾಗಿಲು ತೆರೆದಾಗ "ಬನ್ನಿ, ಚೆನ್ನಾಗಿದ್ದೀರಾ?" ಅಂತ ಕೇಳುತ್ತಾರೆ ಅಂದುಕೊಂಡಿರಾ? ಇಲ್ಲವೇ ಇಲ್ಲ. ನಿಮ್ಮ ಭುಜದ ಮೇಲಿಂದ ಗೇಟಿನ ಕಡೆ ಇಣುಕಿ, "ಓ, ಮುಂದಿನ ಚಕ್ರದಲ್ಲಿ ಗಾಳಿ ಕಮ್ಮಿ ಇತ್ತಲ್ಲ, ಅವರೇ ತಾನೆ?" ಅನ್ನುತ್ತಾರೆ. ಹೌದು ಅಂದಿರೋ, ಕೆಟ್ಟಿರಿ! ಕಾಫಿ ಆಮೇಲೆ. ಮೊದಲು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಾಗಿಲ ಹಿಂದಿನ ಪಂಪು ಎತ್ತಿಕೊಂಡು ಅವರು ಬೀದಿಗೆ ಇಳಿಯುತ್ತಾರೆ.

ಅತ್ತೆ ಅಂದರೆ ಗಂಡನ ತಾಯಿ ಅಂತ ತಿಳಿಯಬೇಡಿ. ಗಂಡನ ತಾಯಿಯ ಬಗ್ಗೆ ಹೀಗೆಲ್ಲ ಬರೆದು ಸಂಸಾರ ಮಾಡುವ ಧೈರ್ಯ ನನಗಿಲ್ಲ. ಇವರು ನಮ್ಮಪ್ಪನ ತಂಗಿ. ಕೊಡಿಗೇಹಳ್ಳಿಯಲ್ಲಿ ಕೆಳಗಿನ ಮನೆಯಲ್ಲಿ ಅತ್ತೆ, ಮಾವ. ಮಹಡಿಯ ಮನೆಯಲ್ಲಿ ನಾನು, ನನ್ನ ಗಂಡ. ಅತ್ತೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ವಿಜ್ಞಾನ ಅಂದರೆ ಏನೇನೋ ಪಾಠ ಇರುತ್ತವಲ್ಲ, ಬೆಳಕು, ಶಬ್ದ, ಗಿಡದ ಬೇರು ಅಂತ? ಅವನ್ನೆಲ್ಲ ಅತ್ತೆ ಎರಡು ಮಾತಿನಲ್ಲಿ ಮುಗಿಸಿಬಿಡುತ್ತಿದ್ದರಂತೆ. "ಒತ್ತಡ" ಅನ್ನುವ ಪಾಠ ಬಂದಾಗ ಮಾತ್ರ ಅವರಿಗೆ ದೇವರು ಬರುತ್ತಿತ್ತು! ತರಗತಿಗೆ ಸೈಕಲ್ ಪಂಪು ತರುತ್ತಿದ್ದರು. ಒಬ್ಬೊಬ್ಬರನ್ನೇ ಕರೆದು ಗಾಳಿ ಹೊಡೆಸಿ, ಪಂಪಿನ ಬುಡ ಬಿಸಿಯಾದದ್ದನ್ನು ಮುಟ್ಟಿಸಿ, "ನೋಡ್ರೋ, ಗಾಳೀನ ಇಕ್ಕಟ್ಟಿಗೆ ಸಿಕ್ಕಿಸಿದ್ರೆ ಅದಕ್ಕೂ ಸಿಟ್ಟು ಬರುತ್ತೆ" ಅನ್ನುತ್ತಿದ್ದರು.

ಆ ಕಾಲದ ಕೊಡಿಗೇಹಳ್ಳಿಯ ಮಕ್ಕಳೆಲ್ಲ ಅವರ ಕೈಯಲ್ಲಿ ಕಲಿತವರು. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಅವರದೇ ಅಪಾರ್ಟ್‌ಮೆಂಟುಗಳು. ಅವರಲ್ಲಿ ಒಬ್ಬ ನಮ್ಮ ಬೀದಿಯಲ್ಲೇ ಇದ್ದಾನೆ, ದೊಡ್ಡ ಬಿಲ್ಡರ್. ಕತ್ತಿನಲ್ಲಿ ಹಗ್ಗದಷ್ಟು ದಪ್ಪದ ಚಿನ್ನದ ಸರ, ಬಿಳಿ ಷರಟು, ಮನೆಯಷ್ಟು ಎತ್ತರದ ಕಾರು. ಅವನನ್ನು ಕಂಡರೆ ಬೀದಿಯೇ ಎದ್ದು ನಿಲ್ಲುತ್ತದೆ. ಅವನು ಮಾತ್ರ ಅತ್ತೆಯನ್ನು ಕಂಡರೆ ಅಡ್ಡರಸ್ತೆ ಹಿಡಿಯುತ್ತಾನೆ. ಒಂದು ದಿನ ಫ್ಲಾಟ್ ನೋಡಲು ಬಂದ ಗಿರಾಕಿಗಳ ಎದುರಿಗೇ ಸಿಕ್ಕಿಬಿದ್ದ.

"ಏನೋ, ಒತ್ತಡ ಅಂದ್ರೇನು?"

"ಮಿಸ್... ಇಂಗೆ ರೋಡಲ್ಲಿ ಕೇಳುದ್ರೆ ಎಂಗೆ ಮಿಸ್? ಕಸ್ಟಮರ್ ಅವ್ರೆ."

"ಕಸ್ಟಮರೂ ತಿಳ್ಕೊಳ್ಲಿ. ಹೇಳು."

ಅವನು ಫೋನನ್ನು ಜೇಬಿಗಿಟ್ಟು, ಕೈಕಟ್ಟಿ ನಿಂತ. "ಒಂದಿಷ್ಟು ಜಾಗದ ಮ್ಯಾಲೆ ಎಷ್ಟು ಬಲ ಬೀಳ್ತದೋ ಅದು, ಮಿಸ್."

"ಮತ್ಯಾಕೆ ನಿನ್ನ ಕಾರಿನ ಹಿಂದಿನ ಟೈರು ಹಂಗೆ ಕೂತ್ಬಿಟ್ಟಿದೆ? ಹೋಗು, ಗಾಳಿ ಹೊಡಿಸ್ಕೊಂಡು ಬಾ."

ಹೋದ! ಗಿರಾಕಿಗಳನ್ನು ಬಿಸಿಲಿನಲ್ಲೇ ನಿಲ್ಲಿಸಿ, ಗಾಳಿ ಹೊಡೆಸಿಕೊಂಡೇ ಬಂದ.

ನಾನು ವಿಜ್ಞಾನದಲ್ಲಿ ಅಷ್ಟಕ್ಕಷ್ಟೆ. ಹಾಗಂತ ಅತ್ತೆ ಬಿಟ್ಟಾರೆಯೇ? ಒಮ್ಮೆ ಸಂಜೆ ನಿಪ್ಪಟ್ಟು ತಿನ್ನುತ್ತ ಕೂತಿದ್ದೆ. ತಟ್ಟೆಯಿಂದ ಒಂದನ್ನು ಎತ್ತಿ ನನ್ನ ಮೂಗಿನ ಮುಂದೆ ಹಿಡಿದರು. "ಸೈಕಲ್ ಟೈರು ನೆಲಾನ ಮುಟ್ಟೋದು ಎಷ್ಟು ಜಾಗದಲ್ಲಿ ಗೊತ್ತೇನೆ? ಇಷ್ಟೇ! ಒಂದು ಚಿಕ್ಕ ನಿಪ್ಪಟ್ಟಿನಷ್ಟು. ತುಳಿಯೋರ ಭಾರ, ಹಿಂದೆ ಕೂತೋರ ಭಾರ, ಕ್ಯಾರಿಯರ್ ಮೇಲಿನ ಅಕ್ಕಿ ಚೀಲ, ಎಲ್ಲ ಎರಡು ನಿಪ್ಪಟ್ಟಿನ ಮೇಲೆ. ಒಳಗಿನ ಗಾಳಿ ಒತ್ತಿ ಹಿಡಿದಿರೋದರಿಂದ ತಡಕೊಳ್ಳುತ್ತೆ. ಗಾಳಿ ಕಮ್ಮಿ ಮಾಡು, ಏನಾಗುತ್ತೆ?"

"ಏನಾಗುತ್ತೆ?"

"ಭಾರ ಅಷ್ಟೇ ಇದೆ, ಒತ್ತೋ ಶಕ್ತಿ ಕಮ್ಮಿ. ಹಾಗಾಗಿ ಟೈರು ಇನ್ನಷ್ಟು ಚಪ್ಪಟೆಯಾಗಿ ಜಾಸ್ತಿ ಜಾಗ ಹಿಡಿಯುತ್ತೆ. ನಿಪ್ಪಟ್ಟು ಹೋಗಿ ಪೂರಿ ಆಗುತ್ತೆ! ಚಕ್ರ ಸುತ್ತಿದ ಹಾಗೆಲ್ಲ ರಬ್ಬರು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ, ನೀನು ತುಳಿದ ಶಕ್ತಿಯೆಲ್ಲ ಅದಕ್ಕೇ ಖರ್ಚು. ಮೆತ್ತಗಿರುತ್ತೆ, ಗುಂಡಿಗೆ ಬಿದ್ರೆ ಸೊಂಟಕ್ಕೆ ಏಟು ಬೀಳಲ್ಲ, ನಿಜ. ಆದ್ರೆ ತುಳಿಯೋನ ಗತಿ? ಅರ್ಥ ಆಯ್ತಾ?"

ಅರ್ಥವಾಯಿತು ಅಂದೆ. ಅಂದಿನಿಂದ ನಿಪ್ಪಟ್ಟು ಕಂಡರೆ ಅದರ ಮೇಲೆ ಅರ್ಧ ಸಂಸಾರ ಕೂತ ಹಾಗೆ ಕಾಣುತ್ತದೆ.

ಮನೆಯಲ್ಲಿ ಆದರೆ ಹೇಗೋ ಸಹಿಸಿಕೊಳ್ಳಬಹುದು, ಮದುವೆ ಮನೆಯಲ್ಲಿ? ಯಲಹಂಕದ ಒಂದು ಕಲ್ಯಾಣ ಮಂಟಪದಲ್ಲಿ ನಮ್ಮ ದೂರದ ನೆಂಟರ ಮದುವೆ. ಹೆಣ್ಣು ಒಪ್ಪಿಸುವ ಶಾಸ್ತ್ರ ಮುಗಿದು, ಎಲ್ಲರೂ ಕಣ್ಣು ಒರೆಸಿಕೊಳ್ಳುತ್ತ, ಹೂವಿನಿಂದ ಮುಚ್ಚಿದ ಕಾರಿನ ಸುತ್ತ ನಿಂತಿದ್ದಾರೆ. ಡ್ರೈವರು ಇನ್ನೇನು ಕಾರು ಎತ್ತಬೇಕು, "ನಿಲ್ಸೀ!" ಅನ್ನುವ ಕೂಗು. ಹುಡುಗಿಯ ಅಮ್ಮ ಏನೋ ಅಪಶಕುನ ಆಯಿತು ಅಂತ ಎದೆ ಹಿಡಿದುಕೊಂಡರು. ನೋಡಿದರೆ ನಮ್ಮ ಅತ್ತೆ, ರೇಷ್ಮೆ ಸೀರೆಯಲ್ಲಿ ಮಂಡಿಯೂರಿ ಕೂತು, ಕಾರಿನ ಚಕ್ರವನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದಾರೆ! "ಜಾತಕ ನೋಡಿದ್ರಿ, ಮನೆತನ ನೋಡಿದ್ರಿ. ಟೈರು ನೋಡಿದ್ರಾ? ಹೊಸ ಮದುಮಗಳನ್ನ ಈ ಗಾಳೀಲಿ ತುಮಕೂರಿನ ತನಕ ಕರ್ಕೊಂಡು ಹೋಗ್ತೀರಾ?" ಮದುಮಗ ಪಂಚೆ ಎತ್ತಿ ಕಟ್ಟಿಕೊಂಡು ಕೆಳಗಿಳಿದ. ಪೇಟ ತೆಗೆದು ಕೈಯಲ್ಲಿ ಹಿಡಿದು ಅವನೂ ಚಕ್ರ ಒತ್ತಿ ನೋಡಿದ. ಎಲ್ಲ ಸರಿಯಾಗಿಯೇ ಇತ್ತು. "ಈಯಮ್ಮ ಯಾರ ಕಡೆಯೋರು?" ಅಂತ ಯಾರೋ ಕೇಳಿದರು. ನಾವು ಹುಡುಗಿ ಕಡೆಯವರು, "ಹುಡುಗನ ಕಡೆಯೋರಿರಬೇಕು" ಅಂದೆವು. ಹುಡುಗನ ಕಡೆಯವರು ನಮ್ಮನ್ನು ತೋರಿಸಿದರು. ಆ ಐದು ನಿಮಿಷ ಅತ್ತೆ ಯಾರ ಕಡೆಯವರೂ ಆಗಿರಲಿಲ್ಲ.

ಇಂಥ ಅತ್ತೆಗೆ ಸೈಕಲ್ ತುಳಿಯಲು ಬರುತ್ತಿರಲಿಲ್ಲ ಅಂದರೆ ನೀವು ನಂಬಬೇಕು. ಒಮ್ಮೆಯೂ ತುಳಿದವರಲ್ಲ. ಅವರ ಜಾಗ ಕ್ಯಾರಿಯರ್. ತುಳಿಯುತ್ತಿದ್ದವರು ಮಾವ.

ಮಾವ ಯಶವಂತಪುರದ ಕಡೆ ಒಂದು ಕಚೇರಿಯಲ್ಲಿದ್ದರು. ದಿನಾ ಬೆಳಿಗ್ಗೆ ಅತ್ತೆಯನ್ನು ಹಿಂದೆ ಕೂರಿಸಿಕೊಂಡು, ಶಾಲೆಯ ಮುಂದೆ ಇಳಿಸಿ, ತಾವು ಕಚೇರಿಗೆ ಹೋಗುತ್ತಿದ್ದರು. ಸಂಜೆ ಮತ್ತೆ ಹತ್ತಿಸಿಕೊಂಡು ಬರುತ್ತಿದ್ದರು. ಇಪ್ಪತ್ತೈದು ಮೂವತ್ತು ವರ್ಷ ಇದೇ ನಡೆಯಿತು. ಉಳಿದವರು ಸ್ಕೂಟರ್ ಕೊಂಡರು, ಕಾರು ಕೊಂಡರು, ಇವರು ಮಾತ್ರ ಸೈಕಲ್ ಬಿಡಲಿಲ್ಲ. ನಾನು ಚಿಕ್ಕವಳಿದ್ದಾಗ ರಜೆಗೆ ಬಂದರೆ ಈ ಸವಾರಿಯನ್ನು ಗೇಟಿನಲ್ಲಿ ನಿಂತು ನೋಡುವುದೇ ಒಂದು ಹಬ್ಬ. ಅತ್ತೆ ಹತ್ತಿ ಕೂತ ಕೂಡಲೇ ಕೇಳುತ್ತಿದ್ದರು, "ತುಳಿಯೋಕೆ ಕಷ್ಟ ಆಗುತ್ತೇನ್ರೀ?"

"ಇಲ್ಲ ಕಣೇ, ಸಲೀಸಾಗಿದೆ" ಅನ್ನುತ್ತಿದ್ದರು ಮಾವ, ಅಂಗಿ ಬೆನ್ನಿಗೆ ಅಂಟಿಕೊಳ್ಳುವಷ್ಟು ಬೆವರುತ್ತ.

ಆದರೆ ಆ ಸೈಕಲ್ಲಿನಲ್ಲಿ ಒಂದು ಒಗಟಿತ್ತು. ಹಿಂದಿನ ಚಕ್ರದಲ್ಲಿ ಯಾವಾಗಲೂ ಗಾಳಿ ಕಮ್ಮಿ! ಅತ್ತೆ ಬೆಳಿಗ್ಗೆ ಎದ್ದು ತಾವೇ ಪಂಪು ಹೊಡೆದು ಕಲ್ಲಿನ ಹಾಗೆ ಮಾಡಿ ಇಡುತ್ತಿದ್ದರು. ಶಾಲೆಯ ಮುಂದೆ ಇಳಿದು ಒತ್ತಿ ನೋಡಿದರೆ ಮೆತ್ತಗೆ. ವಿಜ್ಞಾನದ ಟೀಚರಿಗೆ ಇದಕ್ಕಿಂತ ಅವಮಾನ ಉಂಟೇ? ಭಾನುವಾರ ಬಂತೆಂದರೆ ಟ್ಯೂಬು ಬಿಚ್ಚಿ, ಬಕೆಟ್ ನೀರಿನಲ್ಲಿ ಅದ್ದಿ, ಗುಳ್ಳೆ ಬರುತ್ತದೋ ಅಂತ ಕಣ್ಣು ನೆಟ್ಟು ಕೂರುತ್ತಿದ್ದರು. ಒಂದು ಗುಳ್ಳೆಯೂ ಬರುತ್ತಿರಲಿಲ್ಲ. ಹೊಸ ಟ್ಯೂಬು ಹಾಕಿಸಿದರು. ಅದೂ ಮೆತ್ತಗೆ. ಕೊನೆಗೆ ಒಂದು ಸಿದ್ಧಾಂತ ಕಂಡುಹಿಡಿದರು: ತೂತಿಲ್ಲದಿದ್ದರೂ ರಬ್ಬರಿನ ಮೂಲಕ ಗಾಳಿ ಚೂರು ಚೂರೇ ನುಸುಳುತ್ತದೆ, ಭಾರ ಹೆಚ್ಚಾದಷ್ಟೂ ಬೇಗ ನುಸುಳುತ್ತದೆ, ಹಿಂದೆ ಕೂರುವ ಭಾರ ಯಾರದು? ತಮ್ಮದೇ! ಅವತ್ತಿನಿಂದ ಅತ್ತೆ ತುಪ್ಪ ಬಿಟ್ಟರು. ಬಜ್ಜಿ ಬಿಟ್ಟರು. ಹಬ್ಬದ ದಿನ ಒಬ್ಬಟ್ಟಿನ ತಟ್ಟೆಯನ್ನು ದೂರ ತಳ್ಳಿ, "ಟೈರು ತಡಕೊಳ್ಳಲ್ಲ" ಅಂದರು. ಮಾವ ತಲೆ ತಗ್ಗಿಸಿಕೊಂಡು ತಮ್ಮ ಪಾಲಿನದನ್ನು ತಿಂದರು. ಅತ್ತೆ ಸಣ್ಣಗಾದರು, ಗಾಳಿ ಮಾತ್ರ ನಿಲ್ಲಲಿಲ್ಲ.

ಇಲ್ಲಿಯವರೆಗೆ ನಗುತ್ತಾ ಬಂದೆ. ಇನ್ನು ಸ್ವಲ್ಪ ದೂರ ನಗು ಬರುವುದಿಲ್ಲ, ಹೇಳಿಯೇ ತೀರಬೇಕು.

ಇಬ್ಬರೂ ನಿವೃತ್ತರಾದ ಮೇಲೆ ಮಾವ ಬಾಗಿಲ ಚೌಕಟ್ಟಿಗೆ ಭುಜ ತಗುಲಿಸಿಕೊಳ್ಳತೊಡಗಿದರು. ಪಕ್ಕದಲ್ಲಿಟ್ಟ ಲೋಟ ಬೀಳಿಸುತ್ತಿದ್ದರು. ವಯಸ್ಸು ಅಂದುಕೊಂಡೆವು. ಕಣ್ಣಿನ ಆಸ್ಪತ್ರೆಗೆ ಹೋದಾಗ ಒಂದು ಯಂತ್ರದ ಮುಂದೆ ಗಲ್ಲ ಇಡಿಸಿದರು. ಅದು ಕಣ್ಣಿಗೆ ಫುಸ್ ಅಂತ ಗಾಳಿ ಊದಿತು. ಅತ್ತೆ ಕುತೂಹಲದಿಂದ, "ಇದು ಏನು ಅಳೆಯುತ್ತೆ ಡಾಕ್ಟ್ರೇ?" ಅಂದರು.

"ಕಣ್ಣಿನ ಒಳಗಿನ ಒತ್ತಡ" ಅಂದರು ಡಾಕ್ಟರು.

ಗ್ಲಾಕೋಮ. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ, ಸದ್ದಿಲ್ಲದೆ ನರವನ್ನು ತಿನ್ನುವ ಕಾಯಿಲೆ. ನೋವಿಲ್ಲ, ಕೆಂಪಿಲ್ಲ. ಗೊತ್ತಾಗುವ ಹೊತ್ತಿಗೆ ಹೋದದ್ದು ಹೋಗಿರುತ್ತದೆ, ತಿರುಗಿ ಬರುವುದಿಲ್ಲ. ಔಷಧಿ ಹಾಕಿದರು, ಆಪರೇಷನ್ನೂ ಆಯಿತು. ಈಗ ಮಾವನಿಗೆ ಬೆಳಕು ಯಾವುದು, ಕತ್ತಲೆ ಯಾವುದು ಅನ್ನುವಷ್ಟು ತಿಳಿಯುತ್ತದೆ, ಅಷ್ಟೇ. ಆಸ್ಪತ್ರೆಯಿಂದ ಬಂದ ದಿನ ಅತ್ತೆ ನಮ್ಮ ಮಹಡಿ ಮೆಟ್ಟಿಲ ಮೇಲೆ ಕೂತು ನನಗೆ ಒಂದೇ ಮಾತು ಹೇಳಿದರು. "ಊರಿನ ಟೈರೆಲ್ಲ ಒತ್ತಿ ನೋಡ್ದೆ ಕಣೇ. ಮನೇಲಿದ್ದ ಕಣ್ಣು ನೋಡ್ಲಿಲ್ಲ." ನಾನು ಅವರ ಕೈ ಹಿಡಿದು ಪಕ್ಕದಲ್ಲಿ ಕೂತೆ.

ಅದಾದ ಮೇಲೆ ಅತ್ತೆ ಹೆಬ್ಬೆರಳನ್ನು ನಂಬುವುದು ಬಿಟ್ಟರು. ಗಾಳಿಯ ಒತ್ತಡ ತೋರಿಸುವ ಗೇಜು ಕೊಂಡು ವ್ಯಾನಿಟಿ ಬ್ಯಾಗಿನಲ್ಲಿ ಕುಂಕುಮದ ಡಬ್ಬಿಯ ಪಕ್ಕ ಇಟ್ಟುಕೊಂಡರು. ಬಸ್ ಸ್ಟಾಪಿನ ಹತ್ತಿರದ ಪಂಕ್ಚರ್ ಅಂಗಡಿಯವನಿಗೆ ಅಂದಿನಿಂದ ಶನಿಕಾಟ.

"ಎಷ್ಟು ಹೊಡೆದೆ?"

"ಫುಲ್ ಹೊಡ್ದಿದೀನಿ ಮೇಡಂ."

"ಫುಲ್ ಅಂದ್ರೆ ಎಷ್ಟು?"

"ಫುಲ್ ಅಂದ್ರೆ ಫುಲ್ಲು ಮೇಡಂ. ನೋಡಿ, ಟಣ್ ಅಂತೈತೆ."

"ಟಣ್ ಅನ್ನೋದು ಅಳತೆಯೇನಪ್ಪ? ಬೆಳಿಗ್ಗೆ ಹೊಡೆದದ್ದು ಮಧ್ಯಾಹ್ನದ ಬಿಸಿಲಿಗೆ ಇನ್ನೂ ಏರುತ್ತೆ. ನೋಡೋಕೆ ಚೆನ್ನಾಗಿದೆ ಅಂತ ಬಿಟ್ಟುಬಿಡಬಾರದು. ಅಳೀಬೇಕು!"

ಅವನು ತಲೆ ಕೆರೆದುಕೊಂಡ. ಆ ಕೊನೆಯ ಮಾತು ಅವನಿಗೆ ಹೇಳಿದ್ದಲ್ಲ ಅಂತ ನನಗೆ ಗೊತ್ತಿತ್ತು.

ಇತ್ತ ಮಾವ ಕುಗ್ಗುತ್ತಾ ಬಂದರು. ಮೊದಮೊದಲು ಕೋಲು ಹಿಡಿದು ಗೇಟಿನವರೆಗೆ ಬರುತ್ತಿದ್ದರು. ಆಮೇಲೆ ವರಾಂಡದವರೆಗೆ. ಆಮೇಲೆ ಕುರ್ಚಿಯೇ ಗತಿಯಾಯಿತು. ಭಾನುವಾರ ಬೆಳಿಗ್ಗೆ ಅವರ ಹಳೆಯ ಕಚೇರಿಯ ಗೆಳೆಯರು ಗಂಗಾನಗರದಿಂದ, ಅಬ್ಬಿಗೆರೆಯಿಂದ ಬಂದು ನಮ್ಮ ಬಸ್ ಸ್ಟಾಪಿನ ದರ್ಶಿನಿಯಲ್ಲಿ ಸೇರುವುದು ವಾಡಿಕೆ. ಖಾಲಿ ದೋಸೆ, ಬೈ-ಟೂ ಕಾಫಿ, ಊರಿನವರನ್ನೆಲ್ಲ ಬೈಯುವುದು. ಮಾವ ಒಂದು ವಾರವೂ ತಪ್ಪಿಸಿದವರಲ್ಲ. ಈಗ ಗೆಳೆಯರ ಫೋನು ಬಂದರೆ, "ಮಲಗಿದ್ದಾರೆ ಅಂತ ಹೇಳು" ಅನ್ನುತ್ತಿದ್ದರು. ನನ್ನ ಗಂಡ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆಂದರೆ ಬೇಡ. ಆಟೋ ಬೇಡ. ನಾನು ಕೈಹಿಡಿದು ನಡೆಸುತ್ತೇನೆಂದರೆ ಬೇಡವೇ ಬೇಡ.

"ಕಾರಲ್ಲಿ ಗಾಜು ಏರ್ಸಿ ಕೂರಿಸ್ತೀರಿ. ಎಲ್ಲಿದ್ದೀನಿ, ಯಾವ ತಿರುವು, ಏನೂ ಗೊತ್ತಾಗಲ್ಲ. ಪಾರ್ಸೆಲ್ ಥರ ಹೋಗಿ ಇಳೀಬೇಕು" ಅಂದರು ಮಾವ.

"ಮತ್ತೆ ಹೇಗೆ ಬರ್ತೀರಿ ಹೇಳಿ" ಅಂದರು ಅತ್ತೆ. ದಿನಾ ನಡೆಯುತ್ತಿದ್ದ ಜಗಳವೇ ಇದು.

ಮಾವನಿಗೆ ಸಾಕಾಗಿತ್ತು. "ಸೈಕಲ್ ಆದ್ರೆ ಬರ್ತೀನಿ. ನೀನೇ ತುಳೀಬೇಕು" ಅಂದರು. ಈ ಮಾತಿಗೆ ಅತ್ತೆಯ ಬಾಯಿ ಮುಚ್ಚುತ್ತದೆ ಅನ್ನುವ ಲೆಕ್ಕ. ನಾವೆಲ್ಲ ನಕ್ಕೆವು. ಅತ್ತೆ ನಗಲಿಲ್ಲ.

"ಮಾತಿಗೆ ತಪ್ಪಬಾರದು" ಅಂದರು. ಒಳಗೆ ಹೋಗಿ, ಸಜ್ಜೆಯ ಮೇಲೆ ಪ್ಲಾಸ್ಟಿಕ್ ಹೊದ್ದು ಮಲಗಿದ್ದ ಆ ಹಳೆಯ ಸೈಕಲ್ಲನ್ನು ಇಳಿಸಲು ಏಣಿ ಹಾಕಿದರು.

ಅರವತ್ತು ದಾಟಿದ ಹೆಂಗಸು, ಸೈಕಲ್ ಕಲಿಯುವುದು, ಅದೂ ನಮ್ಮ ರಸ್ತೆಗಳಲ್ಲಿ! ನಾನು ಹೆದರಿಸಿದೆ, ನನ್ನ ಗಂಡ ಬೇಡಿಕೊಂಡ, ತುಮಕೂರಿನಿಂದ ನಮ್ಮಪ್ಪ ಫೋನಿನಲ್ಲಿ ಕೂಗಾಡಿದರು. ಅತ್ತೆ ಜೀವಮಾನದಲ್ಲಿ ಮೊದಲ ಬಾರಿಗೆ ಚೂಡಿದಾರ ಹೊಲಿಸಿಕೊಂಡರು. ಸೈಕಲ್ಲಿಗೆ ಹೊಸ ಟೈರು, ಗೇಜು ಕೂರುವಂಥ ವಾಲ್ವಿನ ಹೊಸ ಟ್ಯೂಬು ಹಾಕಿಸಿದರು. ಹಿಂದೆ ಹಿಡಿದುಕೊಳ್ಳುವವರು ಯಾರು? ನನ್ನ ಗಂಡ ಮೊದಲ ದಿನವೇ ಬೆನ್ನು ಉಳುಕಿಸಿಕೊಂಡ. ಆಗ ಅತ್ತೆಗೆ ಬಿಲ್ಡರ್ ನೆನಪಾದ.

ಬೆಳಿಗ್ಗೆ ಬೆಳಿಗ್ಗೆ ಅವನ ಖಾಲಿ ಸೈಟಿನಲ್ಲಿ ಆ ದೃಶ್ಯ ನೀವು ನೋಡಬೇಕಿತ್ತು! ಮುಂದೆ ಅತ್ತೆ, ಹ್ಯಾಂಡಲನ್ನು ಗೂಳಿಯ ಕೊಂಬಿನ ಹಾಗೆ ಹಿಡಿದು. ಹಿಂದೆ ಬಿಲ್ಡರ್, ಹೊಟ್ಟೆ ಒಂದು ಕಡೆ ಸರ ಒಂದು ಕಡೆ ಹಾರುತ್ತ, ಕ್ಯಾರಿಯರ್ ಹಿಡಿದು ಓಟ.

"ಮಿಸ್, ಬ್ರೇಕು! ಬ್ರೇಕ್ ಇಡೀರಿ ಮಿಸ್!"

"ಸುಮ್ನಿರೋ! ನೀನು ಬಿಟ್ಯಾ?"

"ಬಿಟ್ಟಿಲ್ಲ ಮಿಸ್!"

ಬಿಟ್ಟಿದ್ದ. ಅತ್ತೆ ನೇರವಾಗಿ ಜಲ್ಲಿ ರಾಶಿಗೆ ಹೋಗಿ ಹೊಕ್ಕರು. ಎದ್ದು ಮಂಡಿಯ ರಕ್ತ ಒರೆಸಿಕೊಂಡು ಮೊದಲು ಮಾಡಿದ್ದೇನು? ಗೇಜು ತೆಗೆದು ಎರಡೂ ಚಕ್ರ ಅಳೆದರು. "ಗಾಳಿ ಸರಿ ಇದೆ. ತಪ್ಪು ನನ್ನದೇ. ಹತ್ತು ಸರಿ ಬಿದ್ರೂ ಪರವಾಗಿಲ್ಲ, ಹಿಡಿ" ಅಂದರು. ಬಿದ್ದರು. ಎದ್ದರು. ಮಂಡಿ ಬಾತುಕೊಂಡಿತು, ಮೊಣಕೈ ತರಚಿತು. ಮಾವ ಕುರ್ಚಿಯಲ್ಲಿ ಕೂತು ಅರಿಶಿನದ ವಾಸನೆ ಹಿಡಿದು, "ಇವತ್ತು ಎಲ್ಲಿ ಬಿದ್ದೆ?" ಅಂತ ಕೇಳುತ್ತಿದ್ದರು. "ಬಿದ್ದಿಲ್ಲ, ಅಡಿಗೆಗೆ ಹಾಕ್ದೆ" ಅನ್ನುತ್ತಿದ್ದರು ಅತ್ತೆ. ಮಳೆಗಾಲ ಮುಗಿಯುವ ಹೊತ್ತಿಗೆ ಸೈಟಿನ ಸುತ್ತ ಒಬ್ಬರೇ ಸುತ್ತುವಂತಾದರು. ಬಿಲ್ಡರ್ ಕೂಡ ಸಾಕಷ್ಟು ಸಣ್ಣಗಾದ.

ಇನ್ನು ಹಿಂದೆ ಭಾರ ಹೊತ್ತು ತುಳಿಯುವ ಅಭ್ಯಾಸವಾಗಬೇಕಲ್ಲ? ಮಾವನನ್ನೇ ಕೂರಿಸಿ ಪ್ರಯೋಗ ಮಾಡುವುದು ಅತ್ತೆಯ ವಿಜ್ಞಾನಕ್ಕೆ ಒಪ್ಪಲಿಲ್ಲ. ಮಾವ ಬಡಕಲು ದೇಹದವರು, ತೂಕ ಐವತ್ತು ಕಿಲೋದ ಆಸುಪಾಸು. ಬಿಲ್ಡರನ ಸೈಟಿನಿಂದ ಅಷ್ಟೇ ತೂಕದ ಒಂದು ಸಿಮೆಂಟ್ ಮೂಟೆ ಬಂತು. ಅದನ್ನು ಕ್ಯಾರಿಯರಿಗೆ ಹಗ್ಗದಿಂದ ಬಿಗಿದು ಅತ್ತೆ ನಮ್ಮ ಬೀದಿಯಲ್ಲಿ ಓಡಾಡತೊಡಗಿದರು. ಭಾರಕ್ಕೆ ತಕ್ಕ ಹಾಗೆ ಹಿಂದಿನ ಚಕ್ರಕ್ಕೆ ಗಾಳಿ ಏರಿಸಿದರು. ಗೇಜಿನ ಮುಳ್ಳು ನೋಡಿ ತೃಪ್ತಿಯಿಂದ, "ಕಲ್ಲು!" ಅಂದರು. ಮಾವ ವರಾಂಡಕ್ಕೆ ಬಂದು ಕೂತು ಚಕ್ರದ ಸದ್ದು ಕೇಳಿಸಿಕೊಳ್ಳುತ್ತಿದ್ದರು. ಅವರು ಕುರ್ಚಿ ಬಿಟ್ಟು ವರಾಂಡಕ್ಕೆ ಬಂದದ್ದನ್ನು ನಾವು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಿದರೆ ಎಲ್ಲಿ ಒಳಗೆ ಹೋಗಿಬಿಡುತ್ತಾರೋ ಅಂತ. "ನೋಡು, ನಾನಿನ್ನೂ ಬದುಕಿರೋವಾಗ್ಲೇ ನನ್ನ ಜಾಗದಲ್ಲಿ ಸಿಮೆಂಟ್ ಕೂರಿಸ್ಕೊಂಡು ಊರು ಸುತ್ತಾ ಇದಾಳೆ" ಅಂದರು ನನಗೆ.

"ಸಿಮೆಂಟು ಎದುರು ಮಾತಾಡಲ್ಲ" ಅಂದರು ಅತ್ತೆ, ಗೇಟಿನ ಮುಂದೆ ಹಾದುಹೋಗುತ್ತ.

ಆ ಭಾನುವಾರ ಬಂತು. ಬೀದಿ ಇನ್ನೂ ಖಾಲಿ, ಹಾಲಿನವನು ಮಾತ್ರ ಓಡಾಡುತ್ತಿದ್ದ. ಮಾವ ಇಸ್ತ್ರಿ ಅಂಗಿ ತೊಟ್ಟು, ತಲೆ ಬಾಚಿಕೊಂಡು, ಕೈ ಚಾಚಿ ಕ್ಯಾರಿಯರನ್ನು ಹುಡುಕಿದರು. ಸಿಕ್ಕಿತು. ಎಷ್ಟೋ ವರ್ಷ ತಾವೇ ತುಳಿದ ಸೈಕಲ್ಲಿನ ಹಿಂದೆ ಮೊದಲ ಸಲ ಕೂತರು. ನಾನು ಸ್ಕೂಟರಿನಲ್ಲಿ ಹಿಂದೆ, ಜೀವ ಕೈಯಲ್ಲಿ ಹಿಡಿದುಕೊಂಡು. ಬಿಲ್ಡರ್ ತನ್ನ ಕಾರನ್ನು ಬೀದಿಯ ಆ ತುದಿಗೆ ಅಡ್ಡ ನಿಲ್ಲಿಸಿ ಬೇರೆ ಗಾಡಿ ಬರದ ಹಾಗೆ ಕಾವಲು ನಿಂತಿದ್ದ.

ಸೈಕಲ್ ಸ್ವಲ್ಪ ತೂರಾಡಿತು, ಆಮೇಲೆ ನೇರವಾಯಿತು. ಮಾವ ಮುಖ ಎತ್ತಿ ಗಾಳಿ ಮೂಸಿದರು. "ಇದು ಹಿಟ್ಟಿನ ಗಿರಣಿ" ಅಂದರು. ಸ್ವಲ್ಪ ಮುಂದೆ, "ಎಡಕ್ಕೆ ತಿರುಗಿದ್ಯಲ್ಲ? ಹಲಸಿನ ಮರ ಇಲ್ವೇನೆ ಈಗ? ನೆರಳು ಬೀಳ್ಲೇ ಇಲ್ಲ" ಅಂದರು. "ಕಡಿದರು ಕಣ್ರೀ" ಅಂದರು ಅತ್ತೆ. ಅಷ್ಟರಲ್ಲಿ ಒಂದು ರೋಡ್ ಹಂಪ್. ಮಾವ "ಅಮ್ಮಾ!" ಅಂದರು. ಅದರ ಹಿಂದೆಯೇ ಪೈಪಿಗಾಗಿ ಅಗೆದು ಮುಚ್ಚಿದ ಗುಂಡಿ. "ಅಯ್ಯಯ್ಯೋ, ಸೊಂಟ!" ಮತ್ತೊಂದು ಹಂಪ್ ಹತ್ತಿರವಾದಾಗ ಅತ್ತೆ ಬ್ರೇಕು ಹಿಡಿದು ಕಾಲೂರಿ ನಿಂತರು. ಮಾವ ಇಳಿದು ಸೊಂಟ ನೀವಿಕೊಂಡರು.

ಅತ್ತೆಯ ಮುಖ ಬಿಳಿಚಿತ್ತು. "ಗಾಳಿ ಸರಿಯಾಗಿದೆಯಲ್ರೀ. ಅಳೆದೇ ಹೊಡೆದಿದ್ದೀನಿ. ಸಿಮೆಂಟು ಏನೂ ಅನ್ಲಿಲ್ವಲ್ಲ..." ಅಂದರು. ನಂತರ ಅವರ ದನಿ ಒಡೆಯಿತು. "ನನ್ನ ಕೈಲಿ ಏನೂ ಸರಿಯಾಗಿ ಅಳೆಯೋಕೆ ಬರಲ್ಲ ರೀ. ನಿಮ್ಮ ಕಣ್ಣಿಂದೂ ಹಾಗೇ ಆಯ್ತು. ಒತ್ತಡ ಒತ್ತಡ ಅಂತ ಊರೆಲ್ಲ ಪಾಠ ಹೇಳ್ದೆ. ಪಕ್ಕದಲ್ಲೇ ಇದ್ದೆ, ಗೊತ್ತಾಗ್ಲಿಲ್ಲ."

ನನಗೆ ಸ್ಕೂಟರ್ ತಿರುಗಿಸಿಕೊಂಡು ದೂರ ಹೋಗಿಬಿಡೋಣ ಅನ್ನಿಸಿತು. ಮಾವ ಕೈ ಚಾಚಿ ಸೀಟು ಹಿಡಿದು, ಹಾಗೇ ಸವರುತ್ತ ಕೆಳಗೆ ಕೂತು, ಹಿಂದಿನ ಚಕ್ರದ ವಾಲ್ವು ಹುಡುಕಿದರು.

"ನಮ್ಮ ಹಿಂದಿನ ಚಕ್ರದ ಗಾಳಿ ಎಲ್ಲಿಗೆ ಹೋಗ್ತಿತ್ತು ಅಂತ ಕೊನೇವರೆಗೂ ನಿಂಗೆ ಗೊತ್ತಾಗ್ಲಿಲ್ಲ ಅಲ್ವಾ?" ಅಂದರು.

"ರಬ್ಬರಿನಿಂದ ನುಸುಳ್ತಿತ್ತು."

"ನಾನು ಬಿಡ್ತಿದ್ದೆ ಕಣೇ."

ಅತ್ತೆ ಸರಕ್ಕನೆ ಅವರ ಕಡೆ ತಿರುಗಿದರು.

"ಮದುವೆಯಾದ ಹೊಸದ್ರಲ್ಲಿ ಒಂದಿನ ಜಲ್ಲಿ ರೋಡಲ್ಲಿ ಗುಂಡಿಗೆ ಬಿದ್ದು ನೀನು ಅಮ್ಮಾ ಅಂದೆ. ಸೊಂಟ ಹಿಡ್ಕೊಂಡೇ ದಿನವೆಲ್ಲ ಕ್ಲಾಸಲ್ಲಿ ನಿಂತಿದ್ದೆ ಅಂತ ಸಂಜೆ ಹೇಳ್ದೆ. ಮಾರನೇ ದಿನ ನೀನು ಟಿಫನ್ ಡಬ್ಬಿ ತರೋಕೆ ಒಳಗೆ ಹೋದಾಗ ವಾಲ್ವಿನ ನಟ್ಟು ಸಡಿಲ ಮಾಡಿ ಸ್ವಲ್ಪ ಗಾಳಿ ಬಿಟ್ಟೆ. ನಿನ್ನ ಸ್ಕೂಲ್ ಹತ್ರ ಇಳಿಸಿ, ಆಚೆ ಅಂಗಡೀಲಿ ಮತ್ತೆ ಹೊಡಿಸ್ಕೊತಿದ್ದೆ. ಸಂಜೆ ನಿನ್ನ ಹತ್ತಿಸ್ಕೊಳೋ ಮುಂಚೆ ಮತ್ತೆ ಬಿಡ್ತಿದ್ದೆ."

"ದಿನಾನಾ?"

"ದಿನಾ. ಹೇಳಿದ್ರೆ ನೀನು ಒಪ್ತಿದ್ಯಾ? ತುಳಿಯೋನ ಗತಿ ಅಂತ ಪಾಠ ಶುರುಮಾಡ್ತಿದ್ದೆ."

"ಒಬ್ಬಟ್ಟು ಬಿಟ್ಟೆನಲ್ರೀ ನಾನು!" ಅಂದರು ಅತ್ತೆ. ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ.

"ಅದೊಂದು ಬೇಜಾರು ನಂಗೂ ಇದೆ" ಅಂದರು ಮಾವ. "ನೋಡು, ಅಷ್ಟು ವರ್ಷ ನಿನ್ನ ಪಕ್ಕದಲ್ಲೇ ಇದ್ದು ಗಾಳಿ ಬಿಟ್ಟೆ. ಬಕೆಟ್‌ನಲ್ಲಿ ಅದ್ದಿ ನೋಡಿದ್ರೂ ನಿಂಗೆ ಸಿಗ್ಲಿಲ್ಲ. ಕಣ್ಣೊಳಗೆ ಸದ್ದಿಲ್ದೆ ಆಗಿದ್ದು ಹೇಗೆ ಸಿಗುತ್ತೆ? ನನ್ನ ಕಣ್ಣು ನನಗೇ ಹೇಳ್ಲಿಲ್ಲ. ಅದನ್ನ ಇನ್ನು ಬಿಟ್ಬಿಡು."

ಅತ್ತೆ ರಸ್ತೆಯ ಮೇಲೆ ಅವರ ಪಕ್ಕದಲ್ಲಿ ಕೂತರು. ವಾಲ್ವಿನ ಮುಚ್ಚಳ ತೆಗೆದು, ನಡುವಿನ ಕಡ್ಡಿಯನ್ನು ಉಗುರಿನಿಂದ ಒತ್ತಿದರು. ಅಳೆದು ತುಂಬಿದ ಗಾಳಿ ಬುಸ್ಸೆಂದು ಹೊರಟಿತು. ಮಾವ ಟೈರಿನ ಮೇಲೆ ಹೆಬ್ಬೆರಳು ಇಟ್ಟು, "ಇನ್ನೂ ಸ್ವಲ್ಪ" ಅಂದರು. ಮತ್ತೆ, "ಇನ್ನೂ ಚೂರು. ಹಾಂ, ಸಾಕು." ಅತ್ತೆಯ ಕೈ ಅಭ್ಯಾಸಬಲದಿಂದ ಬ್ಯಾಗಿಗೆ ಹೋಗಿ ಗೇಜನ್ನು ಅರ್ಧ ಹೊರಗೆ ತೆಗೆದಿತ್ತು. ಅದನ್ನು ಹಾಗೇ ಒಳಗೆ ಹಾಕಿ ಜಿಪ್ ಎಳೆದರು. ಕಣ್ಣು ಒರೆಸಿಕೊಂಡು ಸೈಕಲ್ ಹತ್ತಿದರು.

ಹಂಪ್ ಬಂತು. ಮಾವ ಏನೂ ಅನ್ನಲಿಲ್ಲ. ದೂರದಲ್ಲಿ ದರ್ಶಿನಿಯ ಮುಂದೆ ನಿಂತಿದ್ದ ಗೆಳೆಯರು ಗುರುತು ಹಿಡಿದು ಲೋಟ ಎತ್ತಿ ಕೂಗತೊಡಗಿದರು. ಅಲ್ಲಿಗೆ ಏರುದಾರಿ ಬೇರೆ. ಮೆತ್ತನೆಯ ಚಕ್ರ ನೆಲಕ್ಕೆ ಅಂಟಿಕೊಂಡ ಹಾಗೆ ಉರುಳುತ್ತಿತ್ತು. ಅತ್ತೆಯ ಚೂಡಿದಾರ ಬೆವರಿಗೆ ಬೆನ್ನಿಗೆ ಅಂಟಿತ್ತು. ಏದುಸಿರು ಹಿಂದೆ ಸ್ಕೂಟರಿನಲ್ಲಿದ್ದ ನನಗೇ ಕೇಳಿಸುತ್ತಿತ್ತು.

"ತುಳಿಯೋಕೆ ಕಷ್ಟ ಆಗುತ್ತೇನೆ?" ಅಂದರು ಮಾವ.

"ಇಲ್ಲ ಕಣ್ರೀ" ಅಂದರು ಅತ್ತೆ, "ಸಲೀಸಾಗಿದೆ."